ಎಡಕ್ಕೆ ಪಳಗಿದ ಎತ್ತು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರೊಬ್ಬರು ಹೋದ ವಾರ ಫೋನ್ ಮಾಡಿದ್ದರು. ಉತ್ತರಪತ್ರಿಕೆ ತಿದ್ದಲು ಕೂತಿದ್ದಾರೆ, ಒಂದೇ ಅಂಕದ ಪ್ರಶ್ನೆ ಅವರನ್ನು ಕಾಡುತ್ತಿದೆ. ‘ಆಕ್ವರ್ಡ್’ ಪದಕ್ಕೆ ಕನ್ನಡದಲ್ಲಿ ಅರ್ಥ ಬರೆಯಿರಿ. ಗೈಡಿನಲ್ಲಿರುವ ಉತ್ತರ ‘ಅಂದಗೆಟ್ಟ’. ಮುಕ್ಕಾಲು ತರಗತಿ ಅದನ್ನೇ ಬರೆದಿದೆ. ಒಬ್ಬ ಹುಡುಗ ಮಾತ್ರ ‘ಎಡವಟ್ಟು’ ಎಂದು ಬರೆದು ಹೊಡೆದುಹಾಕಿದ್ದಾನೆ, ಪಕ್ಕದಲ್ಲಿ ‘ಮುಜುಗರ’ ಎಂದು ಬರೆದು ಅದನ್ನೂ ಅರ್ಧಕ್ಕೆ ಹೊಡೆದು ಬಿಟ್ಟಿದ್ದಾನೆ. “ಏನ್ ಮಾಡ್ಲಿ ಸಾರ್, ಕೊಡ್ಲೋ ಬೇಡ್ವೋ?”

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅಂಕಣದಲ್ಲಿ ಹೇಳ್ತೀನಿ ಅಂದೆ. ಮೇಷ್ಟ್ರೇ, ಆ ಹುಡುಗನ ಪತ್ರಿಕೆಯನ್ನು ಕಟ್ಟಿನಿಂದ ಹೊರಗೆ ತೆಗೆದಿಟ್ಟುಕೊಂಡು ಓದಿ.

ಆಕ್ವರ್ಡ್ ಎಂಬುದು ಎರಡು ತುಂಡು ಸೇರಿ ಆದ ಮಾತು. ಬಾಲದಲ್ಲಿರುವ ‘ವರ್ಡ್’ ನಮಗೆ ಗೊತ್ತಿರುವುದೇ. ಬ್ಯಾಕ್‌ವರ್ಡ್, ಫಾರ್ವರ್ಡ್‌ಗಳಲ್ಲಿ ಕೂತಿರುವ ಅದೇ ಬಾಲ, ‘ಕಡೆಗೆ’ ಎಂದರ್ಥ. ತಲೆಯಲ್ಲಿರುವ ‘ಆಕ್’ ಈಗ ಇಂಗ್ಲಿಷಿನಲ್ಲಿ ಒಂಟಿಯಾಗಿ ಎಲ್ಲೂ ಕಾಣಸಿಗುವುದಿಲ್ಲ. ಸ್ಕ್ಯಾಂಡಿನೇವಿಯದಿಂದ ದೋಣಿ ಹತ್ತಿ ಇಂಗ್ಲೆಂಡಿಗೆ ಬಂದವರ ಹಳೆಯ ನಾರ್ಸ್ ಭಾಷೆಯ ಸೊತ್ತು ಅದು. ಅರ್ಥ, ಹಿಂದುಮುಂದಾದ, ತಿರುಗಿಕೊಂಡ. ಹಾಗಾಗಿ 14ನೇ ಶತಮಾನದಲ್ಲಿ ಈ ಪದ ಹುಟ್ಟಿದಾಗ ಅದಕ್ಕೆ ಅಂದದ ಗೊಡವೆಯೂ ಇರಲಿಲ್ಲ, ಚಂದದ ಗೊಡವೆಯೂ ಇರಲಿಲ್ಲ. ಬರೀ ದಿಕ್ಕಿನ ಮಾತು. ‘ತಪ್ಪು ದಿಕ್ಕಿಗೆ’ ಅಂದರೆ ಮುಗಿಯಿತು.

1485ರಲ್ಲಿ ಕ್ಯಾಕ್ಸ್ಟನ್ ಅಚ್ಚು ಹಾಕಿದ ಥಾಮಸ್ ಮ್ಯಾಲರಿಯ ಆರ್ಥರ್ ರಾಜನ ಕಥೆಗಳಲ್ಲಿ ವೀರರು ಕತ್ತಿಯಿಂದ ‘ಆಕ್’ ಹೊಡೆತ ಹೊಡೆಯುತ್ತಾರೆ. ಒಡ್ಡೊಡ್ಡು ಹೊಡೆತವಲ್ಲ ಅದು, ಮುಂಗೈ ತಿರುಗಿಸಿ ಹಿಂದಿನಿಂದ ಬೀಸುವ ಹೊಡೆತ. ಇವತ್ತಿನ ಟೆನಿಸ್ ಭಾಷೆಯಲ್ಲಿ ಬ್ಯಾಕ್‌ಹ್ಯಾಂಡ್. ಕೈ ಪಳಗಿದವನೇ ಹೊಡೆಯಬೇಕು. ಶೇಕ್ಸ್‌ಪಿಯರನ ಆರನೆಯ ಹೆನ್ರಿ ನಾಟಕದ ಎರಡನೆಯ ಭಾಗದಲ್ಲಿ ರಾಣಿ ಮಾರ್ಗರೆಟ್ ತನ್ನ ಹಡಗನ್ನು ಇಂಗ್ಲೆಂಡಿನ ದಡದಿಂದ ಎರಡು ಸಲ ಹಿಂದಕ್ಕೆ ತಳ್ಳಿದ ಗಾಳಿಯನ್ನು ಬೈದುಕೊಳ್ಳುವಾಗ ಅದನ್ನು ಆಕ್ವರ್ಡ್ ಗಾಳಿ ಎನ್ನುತ್ತಾಳೆ. ಅಲ್ಲಿ ‘ಅಂದಗೆಟ್ಟ ಗಾಳಿ’ ಎಂದು ಬರೆದ ಹುಡುಗನಿಗೆ ನೀವು ಅಂಕ ಕೊಡುತ್ತೀರಾ? ಎದುರುಗಾಳಿ, ಅಷ್ಟೇ.

ನಮ್ಮ ಊರಲ್ಲಿ ಉಳುಮೆಗೆ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಆಮೇಲೆ ಕೇಳುವ ಪ್ರಶ್ನೆ ಒಂದೇ: ಇದು ಎಡಕ್ಕೆ ಪಳಗಿದ್ದೋ ಬಲಕ್ಕೆ ಪಳಗಿದ್ದೋ? ವರ್ಷಾನುಗಟ್ಟಲೆ ನೊಗದ ಎಡಕ್ಕೆ ಹೆಗಲು ಕೊಟ್ಟ ಎತ್ತನ್ನು ಬಲಕ್ಕೆ ಹೂಡಿ ನೋಡಿ. ಸಾಲು ತಪ್ಪುತ್ತದೆ, ಜೊತೆಯ ಎತ್ತಿನ ಮೇಲೆ ಬೀಳುತ್ತದೆ, ತಿರುವಿನಲ್ಲಿ ನಿಂತುಬಿಡುತ್ತದೆ. ನಿನ್ನೆಯವರೆಗೆ ನೋಡುವವರ ಕಣ್ಣಿಗೆ ಹಬ್ಬವಾಗಿದ್ದ ಎತ್ತು ಇವತ್ತು ಪೆಕರನ ಹಾಗೆ ಕಾಣುತ್ತದೆ. ಎತ್ತು ಅದೇ, ಮೈಯೂ ಅದೇ, ಬದಲಾಗಿದ್ದು ಬದಿ. ಆಕ್ವರ್ಡ್‌ನ ಬೇರನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಯಾವ ನಿಘಂಟಿನಲ್ಲೂ ಸಿಕ್ಕಿಲ್ಲ.

ಇಂಗ್ಲಿಷಿನವರು ಬೆಡಗಿಲ್ಲದ್ದಕ್ಕೆ ಕೂಡಿಹಾಕಿಕೊಂಡಿರುವ ಬೇರೆ ಪದಗಳನ್ನೂ ಹೀಗೇ ಕೆದಕಿದರೆ ಕೆಳಗೆ ಮತ್ತೆ ಮತ್ತೆ ದಿಕ್ಕೇ ಸಿಗುತ್ತದೆ. ಫ್ರೆಂಚರಿಂದ ತಂದ ‘ಗೋಶ್’ ಎಂದರೆ ಮೂಲದಲ್ಲಿ ಎಡ. ‘ಮ್ಯಾಲಡ್ರಾಯ್ಟ್’ ಕೂಡ ಅಲ್ಲಿಂದಲೇ ಬಂದದ್ದು, ನೇರಕ್ಕೆ, ಬಲಕ್ಕೆ ಸರಿಯಾಗಿ ಬಾರದ್ದು. ‘ಅನ್‌ಗೇನ್ಲಿ’ಯಲ್ಲಿರುವ ‘ಗೇನ್’ ಲಾಭದ ಗೇನ್ ಅಲ್ಲ, ‘ನೇರವಾದ’ ಎಂಬ ಹಳೆಯ ನಾರ್ಸ್ ಮಾತು. ನೆಟ್ಟಗಿಲ್ಲದ್ದು ಅನ್‌ಗೇನ್ಲಿ. ಉದ್ದುದ್ದ ಕೈಕಾಲಿನವರಿಗೆ, ಒಂಟೆಗೆ, ನೆಲದ ಮೇಲೆ ಕುಪ್ಪಳಿಸುವ ರಣಹದ್ದಿಗೆ ಅದು ಒಪ್ಪುತ್ತದೆ. ಫ್ರೆಂಚ್ ಕವಿ ಬೋದಿಲೇರನ ಆಲ್ಬಟ್ರಾಸ್ ಹಕ್ಕಿಯ ಪದ್ಯ ಬಹಳ ಜನಕ್ಕೆ ಗೊತ್ತು. ಆಕಾಶದಲ್ಲಿ ಅರಸನಂತಿದ್ದ ಹಕ್ಕಿಯನ್ನು ನಾವಿಕರು ಹಿಡಿದು ಹಡಗಿನ ಹಲಗೆಯ ಮೇಲೆ ಬಿಟ್ಟಾಗ ಅದು ಏನಾಗುತ್ತದೆ ಎಂದು ಹೇಳಲು ಕವಿ ಈ ಗೋಶ್, ಮ್ಯಾಲಡ್ರಾಯ್ಟ್ ಎರಡೂ ಪದ ಬಳಸಿದ್ದಾನೆ. ಎತ್ತಿನ ಕಥೆಯೇ, ರೆಕ್ಕೆ ಬಂದಿದೆ ಅಷ್ಟೇ.

ಈ ಎಡದ ಮೇಲಿನ ಸಿಟ್ಟು ಅವರಿಗೆ ಮಾತ್ರ ಇರುವುದಲ್ಲ. ನಮ್ಮಲ್ಲಿ ಬಲ ಎಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಎಡಕ್ಕೆ ಅಂಥ ಭಾಗ್ಯವಿಲ್ಲ. ಎಡವಟ್ಟು ಅಂದಾಗ, ಎಡಬಿಡಂಗಿ ಅಂದಾಗ ನನ್ನ ಕಿವಿಗೆ ಆ ಎಡ ಕೇಳಿಸುತ್ತದೆ, ಜೊತೆಗೆ ಎಡವಿದ ಸದ್ದೂ ಕೇಳಿಸುತ್ತದೆ. ನನ್ನ ಚಿಕ್ಕಪ್ಪನ ಮಗನೊಬ್ಬ ಎಡಚ. ಅವನ ಎಡಗೈಗೆ ಮನೆಯಲ್ಲಿ ಊಟದ ಹೊತ್ತಿಗೆ ಏಟು, ಶಾಲೆಯಲ್ಲಿ ಬರೆಯುವ ಹೊತ್ತಿಗೆ ಏಟು. ಬಲಗೈಯಲ್ಲಿ ಅವನು ಬರೆದ ಅಕ್ಷರ ಕೋಳಿ ಕೆದರಿದ ಹಾಗಿತ್ತು, ಸಾರನ್ನ ಎಲೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅಂಗಿಯ ಮೇಲೆ ಅರ್ಧ. ‘ಒಡ್ಡ’ ಅಂತಲೇ ಅಜ್ಜಿ ಕರೆಯುತ್ತಿದ್ದಳು. ಮಧ್ಯಾಹ್ನ ಮಾವಿನ ತೋಪಿಗೆ ಹೋದರೆ ಎಡಗೈಯಲ್ಲಿ ಅವನು ಬೀಸಿದ ಕಲ್ಲು ಹೇಳಿದ ಕಾಯನ್ನೇ ಉದುರಿಸುತ್ತಿತ್ತು. ತೊಟ್ಟಿಗೇ ತಾಗಬೇಕು ಎಂದು ಪಂದ್ಯ ಕಟ್ಟಿ ನಾವೆಲ್ಲ ಸೋತಿದ್ದೇವೆ.

ದಿಕ್ಕಿನ ಗುಂಪಿಗೆ ಸೇರದ ಒಂದು ಪದ ಇದೆ, ‘ಕ್ಲಮ್ಸಿ’. ಇದು ಚಳಿಯ ಕೂಸು. ಚಳಿಗೆ ಮರಗಟ್ಟುವುದಕ್ಕೆ ಮಧ್ಯಕಾಲದ ಇಂಗ್ಲಿಷಿನಲ್ಲಿದ್ದ ‘ಕ್ಲಮ್ಸ್’ನಿಂದ ಹುಟ್ಟಿದ್ದು. ಮಾಗಿಯ ಬೆಳಗ್ಗೆ ಹಾಲು ಕರೆಯಲು ಕೂತವರಿಗೆ ಗೊತ್ತು, ಬೆರಳಿದೆ, ಆದರೆ ಮಾತು ಕೇಳುವುದಿಲ್ಲ. ಆದ್ದರಿಂದ ಲೋಟ ಬೀಳಿಸುವವನು, ಗುಂಡಿ ಹಾಕಲು ಪರದಾಡುವವನು ಕ್ಲಮ್ಸಿ. ಮರಗಟ್ಟಿದ ಕೈ. ಲೋಟ ಬೀಳಿಸಿದ ಮೇಲೆ ಎಲ್ಲರೂ ತಿರುಗಿ ನೋಡಿದರಲ್ಲ, ಆಗ ಅವನ ಕತ್ತು, ನಗು, ನಿಂತ ಭಂಗಿ ಏನಾಯಿತೋ ಅದು ಆಕ್ವರ್ಡ್. ಇವೆರಡನ್ನೂ ಒಂದೇ ಅಂತ ಬಳಸುವವರಿಗೆ ನನ್ನ ತಕರಾರಿದೆ.

ಕ್ಲಮ್ಸಿ ಎಂಬ ಪದಕ್ಕೆ ಒಂದು ಮಜವಾದ ಅವಮಾನವೂ ಆಗಿದೆ. 1601ರಲ್ಲಿ ಬೆನ್ ಜಾನ್ಸನ್ ‘ಪೊಯೆಟಾಸ್ಟರ್’ ಎಂಬ ನಾಟಕ ಬರೆದು ಅದರಲ್ಲಿ ತನ್ನ ಎದುರಾಳಿ ಜಾನ್ ಮಾರ್ಸ್ಟನ್‌ನನ್ನು ಕ್ರಿಸ್ಪಿನಸ್ ಎಂಬ ಪಾತ್ರವಾಗಿಸಿದ. ಕೊನೆಯಲ್ಲಿ ಕ್ರಿಸ್ಪಿನಸ್‌ಗೆ ವಾಂತಿಯ ಗುಳಿಗೆ ನುಂಗಿಸಿ, ಅವನು ಬಳಸುತ್ತಿದ್ದ ವಿಕಾರದ ಪದಗಳನ್ನೆಲ್ಲ ರಂಗದ ಮೇಲೆಯೇ ಬೋಗುಣಿಗೆ ಕಕ್ಕಿಸುತ್ತಾರೆ. ಅದರಲ್ಲಿ ಒಂದು ಕ್ಲಮ್ಸಿ. ಪಕ್ಕದಲ್ಲಿ ಬಿದ್ದವು ಯಾವುವು ಗೊತ್ತೇ? ಕಾನ್ಶಿಯಸ್, ಸ್ಟ್ರೆನ್ಯುಯಸ್, ಡ್ಯಾಂಪ್. ನಿಮ್ಮ ಪಠ್ಯಪುಸ್ತಕದಲ್ಲೇ ಇರಬಹುದಾದ ಪದಗಳು ಮೇಷ್ಟ್ರೇ. ಪದಗಳ ಮಡಿ ಮೈಲಿಗೆ ಹೇಳಲು ಹೊರಟವರು ಆ ಬೋಗುಣಿಯನ್ನು ಒಮ್ಮೆ ನೆನೆಯಬೇಕು. ಇದನ್ನು ನನಗೂ ಹೇಳಿಕೊಳ್ಳುತ್ತಿದ್ದೇನೆ.

ದಿಕ್ಕಿನ ಪದ ಮೈಕಟ್ಟಿಗೂ ನಡೆನುಡಿಗೂ ಇಳಿದದ್ದು ಹೇಗೆ ಎಂದು ನೋಡಬೇಕಾದರೆ 18ನೇ ಶತಮಾನದ ಒಬ್ಬ ಅಪ್ಪನ ಪತ್ರಗಳನ್ನು ತೆರೆಯಬೇಕು. ಚೆಸ್ಟರ್‌ಫೀಲ್ಡಿನ ನಾಲ್ಕನೆಯ ಅರ್ಲ್, ಲಂಡನ್ನಿನ ದೊಡ್ಡ ಮನುಷ್ಯ, ರಾಯಭಾರಿ, ಮಾತಿನ ಮಲ್ಲ. ಮದುವೆಯಾಚೆ 1732ರಲ್ಲಿ ಹುಟ್ಟಿದ ಮಗ ಫಿಲಿಪ್ ಸ್ಟ್ಯಾನ್‌ಹೋಪ್‌ಗೆ ಅವನು ಮೂವತ್ತು ವರ್ಷದಷ್ಟು ಕಾಲ ಕಾಗದ ಬರೆದ. ಗ್ರೀಕ್ ಕಲಿ, ಇತಿಹಾಸ ಕಲಿ, ಎಲ್ಲಕ್ಕಿಂತ ಮೊದಲು ಬೆಡಗು ಕಲಿ, ಇದೇ ಪಲ್ಲವಿ. 1741ರ ಒಂದು ಕಾಗದದಲ್ಲಿ ಆಕ್ವರ್ಡ್ ಮನುಷ್ಯನ ಚಿತ್ರ ಬಿಡಿಸಿದ್ದಾನೆ. ಅವನು ಕೋಣೆಯೊಳಗೆ ಕಾಲಿಟ್ಟ ಕೂಡಲೇ ಸೊಂಟದ ಕತ್ತಿ ಕಾಲಿಗೆ ಸಿಕ್ಕಿ ಮುಗ್ಗರಿಸುತ್ತಾನೆ. ಕೂರಬಾರದ ಕಡೆ ಕೂರುತ್ತಾನೆ. ಟೋಪಿ ಬೀಳುತ್ತದೆ, ಎತ್ತಿಕೊಳ್ಳಲು ಹೋದರೆ ಕೈಕೋಲು ಬೀಳುತ್ತದೆ. ಬಿಸಿ ಟೀಗೆ ಬಾಯಿ ಸುಟ್ಟುಕೊಂಡು ಕಪ್ಪೋ ಸಾಸರೋ ಕೈಬಿಟ್ಟು ಚಲ್ಲಣಕ್ಕೆ ಚೆಲ್ಲಿಕೊಳ್ಳುತ್ತಾನೆ. ಊಟಕ್ಕೆ ಕೂತರೆ ಚಾಕುವಿನಲ್ಲಿ ತಿನ್ನುತ್ತಾನೆ, ಮುಳ್ಳುಚಮಚದಲ್ಲಿ ಹಲ್ಲು ಕುಕ್ಕಿಕೊಳ್ಳುತ್ತಾನೆ. ಇದನ್ನೆಲ್ಲ ಓದಬೇಕಾಗಿದ್ದ ಮಗನಿಗೆ ಆಗ ಒಂಬತ್ತು ವರ್ಷ!

ಕತ್ತಿ ಕಾಲಿಗೆ ಸಿಕ್ಕುವ ಭಾಗ ಓದಿದಾಗೆಲ್ಲ ನಮ್ಮ ಮದುವೆ ಮಂಟಪಗಳೇ ಕಣ್ಣಿಗೆ ಬರುತ್ತವೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಅಷ್ಟು ಚೆಂದ ಓಡಾಡುವ ಹುಡುಗನಿಗೆ ಪುರೋಹಿತರು ಕಚ್ಚೆಪಂಚೆ ಉಡಿಸಿ ಮಣೆಯ ಮೇಲೆ ಕೂರಿಸುತ್ತಾರೆ. ಆಮೇಲೆ ಸಪ್ತಪದಿಯ ಏಳು ಹೆಜ್ಜೆಯಲ್ಲಿ ಅವನ ಒಂದು ಕೈ ಹುಡುಗಿಯ ಕೈಯಲ್ಲಿ, ಇನ್ನೊಂದು ಕೈ ಪಂಚೆಯ ಮೇಲೆ. ಅವನ ಅಜ್ಜ ಅದೇ ಪಂಚೆಯಲ್ಲಿ ಅಡಿಕೆ ಮರ ಹತ್ತಿದವನು.

ಚೆಸ್ಟರ್‌ಫೀಲ್ಡಿನ ಶ್ರಮ ಏನಾಯಿತು? ಮಗ ಒಳ್ಳೆಯವನಾದ, ಓದಿದವನಾದ, ಬೆಡಗಿನವನು ಮಾತ್ರ ಆಗಲೇ ಇಲ್ಲ. ಅಪ್ಪನಿಗೆ ತಿಳಿಸದೆ ಯುಜೀನಿಯಾ ಎಂಬಾಕೆಯನ್ನು ಮದುವೆಯಾಗಿದ್ದ, ಇಬ್ಬರು ಗಂಡುಮಕ್ಕಳೂ ಇದ್ದರು. 1768ರಲ್ಲಿ ಮಗ ತೀರಿಕೊಂಡ ಮೇಲೆಯೇ ಅರ್ಲ್‌ಗೆ ಈ ಸೊಸೆ ಮೊಮ್ಮಕ್ಕಳ ಸಂಗತಿ ಗೊತ್ತಾದದ್ದು. 1773ರಲ್ಲಿ ಮಾವನೂ ಕಣ್ಣು ಮುಚ್ಚಿದ. ಮರುವರ್ಷವೇ ಆ ಸೊಸೆ ಪತ್ರಗಳನ್ನೆಲ್ಲ ಪ್ರಕಾಶಕರಿಗೆ ಮಾರಿ ಅಚ್ಚು ಹಾಕಿಸಿದಳು. ಅಪ್ಪ ಮಗನಿಗೆ ಗುಟ್ಟಾಗಿ ಬರೆದದ್ದೆಲ್ಲ ಪೇಟೆಯ ಮಾತಾಯಿತು.

ಅದನ್ನು ಓದಿ ಚೆನ್ನಾಗಿ ಜಾಡಿಸಿದವರಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಒಬ್ಬ. ಇದರಲ್ಲಿ ಕಲಿಯಬಹುದಾದ ನಡವಳಿಕೆ ಕುಣಿತದ ಮೇಷ್ಟ್ರದು ಎಂದ. ನೀತಿಯ ಬಗ್ಗೆ ಅಂದದ್ದನ್ನು ಮನೆಮಂದಿ ಓದುವ ಪೇಪರಿನಲ್ಲಿ ಬರೆಯಲಾಗದು. ಅವನಿಗೆ ಚೆಸ್ಟರ್‌ಫೀಲ್ಡಿನ ಮೇಲೆ ಹಳೆಯ ಸಿಟ್ಟಿತ್ತು. ನಿಘಂಟು ಕಟ್ಟುವಾಗ ಆಸರೆಗೆ ಬಾರದೆ, ಕೆಲಸ ಮುಗಿಯುವ ಹೊತ್ತಿಗೆ ಹೊಗಳಿ ಬರೆದ ಈ ಅರ್ಲ್‌ಗೆ ಅವನು 1755ರ ಫೆಬ್ರವರಿಯಲ್ಲಿ ಬರೆದ ಕಾಗದ ಇಂದಿಗೂ ಪ್ರಸಿದ್ಧ. ಜಾನ್ಸನ್‌ನಷ್ಟು ಆಕ್ವರ್ಡ್ ಮನುಷ್ಯ ಆ ಊರಲ್ಲಿ ಇನ್ನೊಬ್ಬನಿರಲಿಲ್ಲ ಎನ್ನುವುದು ಬೇರೆ ಮಾತು. ದೊಡ್ಡ ಮೈ, ಮುಖದ ಮೇಲೆ ಗಂಡಮಾಲೆಯ ಕಲೆ, ಕೂತಲ್ಲೇ ಕೈಕಾಲಿನ ಸೆಳೆತ, ಬೀದಿಯಲ್ಲಿ ನಡೆಯುವಾಗ ಕಂಬಗಳನ್ನು ಮುಟ್ಟಿಕೊಂಡು ಹೋಗುವ ಗೀಳು. ಕಂಡವರು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಅದೇ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಆಕ್ವರ್ಡ್‌ಗೆ ಬೆಡಗಿಲ್ಲದ, ಕೈಪಳಗದ, ಮೊಂಡಾದ ಎಂಬ ಅರ್ಥಗಳ ಜೊತೆಗೆ ‘ಕಲಿಸಿಲ್ಲದ’ ಎಂದೂ ಸೇರಿಸಿದ್ದಾನೆ. ಕಲಿಸಿಲ್ಲದ! ಆ ಒಂದು ಪದದಲ್ಲಿ ನನಗೆ ಎತ್ತು ಮತ್ತೆ ಕಾಣುತ್ತದೆ.

ಆಮೇಲಿನ ಪ್ರಯಾಣ ಚುಟುಕಾಗಿ ಹೇಳಬಹುದು. ಪದ ಮೈಯಿಂದ ಮನಸ್ಸಿಗೆ ಜಾರಿತು, ಮನಸ್ಸಿನಿಂದ ಸಂದರ್ಭಕ್ಕೆ. ಮೌನ ಆಕ್ವರ್ಡ್ ಆಯಿತು, ಪ್ರಶ್ನೆ ಆಕ್ವರ್ಡ್ ಆಯಿತು, ವಯಸ್ಸೂ ಆಯಿತು. ಹೆನ್ರಿ ಜೇಮ್ಸ್ 1899ರಲ್ಲಿ ‘ದಿ ಆಕ್ವರ್ಡ್ ಏಜ್’ ಎಂದೇ ಕಾದಂಬರಿಗೆ ಹೆಸರಿಟ್ಟ. ಈಗ ನಮ್ಮ ಕಾಲೇಜು ಹುಡುಗರು “ಸಖತ್ ಆಕ್ವರ್ಡ್ ಆಯ್ತು ಮಗಾ” ಅನ್ನುವುದು ಈ ಕೊನೆಯ ಅರ್ಥದಲ್ಲಿ.

ಅವರ ಮೇಲೆ ನನಗೆ ಕೋಪವಿಲ್ಲ, ಸ್ವಲ್ಪ ಹೊಟ್ಟೆನೋವಿದೆ. ಏಕೆಂದರೆ ಆ ಒಂದು ಪದ ಮನೆಗೆ ಬಂದು ನಮ್ಮ ಅರ್ಧ ಡಜನ್ ಪದಗಳನ್ನು ಅಟ್ಟಕ್ಕೆ ಹತ್ತಿಸಿದೆ. ಸನ್ಮಾನದ ವೇದಿಕೆಯಲ್ಲಿ ನಿರೂಪಕರು ಅಧ್ಯಕ್ಷರನ್ನು ಅವರ ಹಿಂದಿನ ಅಧ್ಯಕ್ಷರ ಹೆಸರಿನಿಂದ ಕರೆದರೆ ಅದು ಆಭಾಸ, ಸಭೆಯೆಲ್ಲ ಕಂಡದ್ದು. ಸಾಲ ಕೊಟ್ಟವನು ನಾವು ಹೊಸ ಫ್ರಿಜ್ ಇಳಿಸುವ ಹೊತ್ತಿಗೇ ಮನೆಗೆ ಬಂದರೆ ಇರಿಸುಮುರಿಸು. ಹೋಟೆಲಿನಲ್ಲಿ ನಾಲ್ಕು ಜನರನ್ನು ಕೂರಿಸಿ ತಿನ್ನಿಸಿದ ಮೇಲೆ ಜೇಬು ಮುಟ್ಟಿಕೊಂಡು ಪರ್ಸಿಲ್ಲ ಎಂದು ತಿಳಿದರೆ ಪೇಚು. ನಮ್ಮನ್ನು ನಮ್ಮೆದುರೇ ಹೊಗಳತೊಡಗಿದರೆ ಮುಜುಗರ. ಕಾರಣ ಗೊತ್ತಿಲ್ಲದೆ ಒಳಗೊಳಗೇ ಕೊರೆಯುತ್ತಿದ್ದರೆ ಕಸಿವಿಸಿ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಹೋದರೆ ವಾಕ್ಯ ತಡವರಿಸುತ್ತದೆ. ಇಷ್ಟನ್ನೂ ಆಕ್ವರ್ಡ್ ಎಂಬ ಒಂದೇ ಚೀಲಕ್ಕೆ ತುಂಬುವುದು ಅನುಕೂಲ ಇರಬಹುದು. ಆದರೆ ಬೇಕಾದಾಗ ಚೀಲದಲ್ಲಿ ಕೈಯಾಡಿಸಿ ಯಾವುದನ್ನು ಹೊರತೆಗೆಯುತ್ತೀರಿ?

ಸರಿ ಮೇಷ್ಟ್ರೇ, ನಿಮ್ಮ ಕಟ್ಟಿಗೆ ಬರೋಣ. ‘ಅಂದಗೆಟ್ಟ’ ಎಂದವರಿಗೆ ಅಂಕ ಕೊಟ್ಟುಬಿಡಿ, ಗೈಡು ಬರೆದವರ ತಪ್ಪಿಗೆ ಮಕ್ಕಳ ಅಂಕ ಕಡಿಯುವುದು ಬೇಡ. ಮುಂದಿನ ವರ್ಷ ಪ್ರಶ್ನೆ ಕೇಳುವಾಗ ಪದವನ್ನು ಒಂಟಿಯಾಗಿ ನಿಲ್ಲಿಸಬೇಡಿ, ವಾಕ್ಯದಲ್ಲಿಟ್ಟು ಕೇಳಿ. ಇನ್ನು ಆ ಹುಡುಗ. ಎಡವಟ್ಟು ಎಂದು ಬರೆದಾಗ ಅವನು ಮೈಯ ಅರ್ಥಕ್ಕೆ ಕೈಹಾಕಿದ್ದ, ಮುಜುಗರ ಎಂದಾಗ ಮನಸ್ಸಿನ ಅರ್ಥಕ್ಕೆ. ಎರಡೂ ಸರಿ, ಒಂದೊಂದಕ್ಕೆ ಅರ್ಧರ್ಧ ಅಂಕ. ಹೊಡೆದುಹಾಕಿದ್ದಕ್ಕೆ ಅಂಕ ಕೊಡುವಂತಿಲ್ಲ ಅನ್ನುತ್ತೀರಿ, ಗೊತ್ತು. ಎರಡನೆಯದನ್ನು ಅವನು ಪೂರ್ತಿ ಹೊಡೆದಿಲ್ಲವಲ್ಲ, ಅದನ್ನೇ ಹಿಡಿದುಕೊಳ್ಳಿ.

ಆಮೇಲೆ ಬಿಡುವಾದಾಗ ಅವನು ಯಾವ ಕೈಯಲ್ಲಿ ಬರೆಯುತ್ತಾನೆ ಎಂದು ನೋಡಿ ನನಗೊಂದು ಫೋನ್ ಮಾಡಿ.