ದ್ವಾರಾಳಿನಿಂದ ಒಟ್ಟಾವಾಗೆ, ಗುಬ್ಬಿಯಿಂದ ಬ್ಯಾಂಕಾಕಿಗೆ

ತುಮಕೂರಿನ ಅಂತರಸನಹಳ್ಳಿ ದಾಟಿ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಶಿರಾ ಸಿಗುತ್ತದೆ. ಆ ತಾಲ್ಲೂಕಿನ ದ್ವಾರಾಳಿನ ಚಂದ್ರ ಆರ್ಯ 2006ರಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದವರು. 2015ರಿಂದ ನೆಪಿಯನ್ ಕ್ಷೇತ್ರದ ಸಂಸದರಾಗಿ ಮೂರು ಬಾರಿ ಗೆದ್ದವರು. 2022ರ ಮೇ ತಿಂಗಳಲ್ಲಿ ಅವರು ಒಟ್ಟಾವಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿ, ಕುವೆಂಪು ಗೀತೆಯ ಸಾಲಿನೊಂದಿಗೆ ಮುಗಿಸಿದಾಗ ಆ ವಿಡಿಯೋ ನಮ್ಮ ಮೊಬೈಲುಗಳಲ್ಲೆಲ್ಲ ಹರಿದಾಡಿತು. ತುಮಕೂರು ಜಿಲ್ಲೆಗಂತೂ ಅದು ಮನೆಮಗನ ಮಾತು.

ಆ ಸಂತೋಷವನ್ನು ಕಡಿಮೆ ಮಾಡುವ ಇಚ್ಛೆ ನನಗಿಲ್ಲ. ಮಾತು ಸರಳವಾಗಿತ್ತು, ಆಡಂಬರವಿರಲಿಲ್ಲ. ಆದರೆ ಅದು ಪ್ರಶ್ನೋತ್ತರಕ್ಕೆ ಮುನ್ನ ಸದಸ್ಯರಿಗೆ ಸಿಗುವ ಒಂದು ನಿಮಿಷದ ಹೇಳಿಕೆ. ಅದರ ಮೇಲೆ ಚರ್ಚೆಯಿಲ್ಲ, ಮತವಿಲ್ಲ, ಸರ್ಕಾರ ಉತ್ತರಿಸಬೇಕಾಗಿಲ್ಲ. ಹೊರದೇಶದಲ್ಲಿರುವ ನಮ್ಮವರನ್ನು ನಾವು ಇಂಥ ನಿಮಿಷಗಳಿಂದಲೇ ಅಳೆಯುತ್ತೇವೆ. ಅವರ ಮಾತಿನಿಂದ ಯಾವ ತೀರ್ಮಾನ ಬದಲಾಯಿತು, ಅವರು ಯಾರಿಗೆ ಉತ್ತರದಾಯಿ ಎಂದು ಕೇಳುವುದಿಲ್ಲ.

ಆರ್ಯರ ನಿಜವಾದ ಕೆಲಸ ಕಂಡಿದ್ದು ಆಮೇಲೆ, ಇಕ್ಕಟ್ಟಿನ ದಿನಗಳಲ್ಲಿ. 2023ರ ಸೆಪ್ಟೆಂಬರ್ 18ರಂದು ಕೆನಡಾದ ಪ್ರಧಾನಿ ಟ್ರೂಡೊ, ಖಾಲಿಸ್ತಾನವೆಂಬ ಪ್ರತ್ಯೇಕ ಸಿಖ್ ರಾಷ್ಟ್ರದ ಪರವಿದ್ದ ಹರದೀಪ್ ಸಿಂಗ್ ನಿಜ್ಜರ್ ಹತ್ಯೆಯ ಹಿಂದೆ ಭಾರತ ಸರ್ಕಾರದ ಏಜೆಂಟರ ಕೈವಾಡದ ಶಂಕೆಯಿದೆ ಎಂದರು, ಭಾರತ ತಳ್ಳಿಹಾಕಿತು. ಹಿಂದೂಗಳು ಕೆನಡಾ ಬಿಟ್ಟು ಹೋಗಲಿ ಎಂಬ ಬೆದರಿಕೆ ವಿಡಿಯೋ ಹರಡಿದಾಗ, ಆಳುವ ಪಕ್ಷದಲ್ಲೇ ಇದ್ದ ಆರ್ಯ ಅದರ ವಿರುದ್ಧ ದನಿ ಎತ್ತಿದರು. ಖಾಲಿಸ್ತಾನಿ ಉಗ್ರರು ನಡೆಸಿದ 1985ರ ಜೂನ್ 23ರ ಕನಿಷ್ಕ ವಿಮಾನ ಸ್ಫೋಟವನ್ನು ಸದನಕ್ಕೆ ನೆನಪಿಸಿದರು. ಆ ವಿಮಾನದಲ್ಲಿ ಸತ್ತ 329 ಜನರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳು. ಹಾಗಾಗಿ ಅದು ತನ್ನ ದೇಶದ ಪ್ರಜೆಗಳ ಸಾವಿನ ಬಗ್ಗೆ ಆ ದೇಶದ ಸಂಸದನೊಬ್ಬ ಆಡಿದ ಮಾತು. ಅವರ ರಾಜಕೀಯದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೆ.

ಆದರೂ ಕೆನಡಾದ ನೀತಿ ಆ ದನಿಗೆ ತಿರುಗಲಿಲ್ಲ. 2021ರ ಜನಗಣತಿಯ ಪ್ರಕಾರ ಅಲ್ಲಿ ಹಿಂದೂಗಳು ಸುಮಾರು 8.3 ಲಕ್ಷ, ಸಿಖ್ಖರು ಸುಮಾರು 7.7 ಲಕ್ಷ. ತಲೆ ಎಣಿಸಿದರೆ ಹಿಂದೂಗಳೇ ಮುಂದೆ. ಆದರೆ ಸಿಖ್ಖರು ಶತಮಾನದಿಂದ ಅಲ್ಲಿ ಗುರುದ್ವಾರಗಳ ಸುತ್ತ ಸಂಘಟಿತರಾದವರು. ಬ್ರಾಂಪ್ಟನ್, ಸರ್ರೆಯಂಥ ಊರುಗಳಲ್ಲಿ ಒಂದೆಡೆ ನೆಲೆಸಿದವರು. ಅವರಲ್ಲಿ ಖಾಲಿಸ್ತಾನ ಬೇಡವೆನ್ನುವವರೂ ಬಹಳ ಮಂದಿ. ಆದರೆ ಪಕ್ಷಗಳ ಕಿವಿಗೆ ತಲುಪುವುದು ಸಂಘಟಿತರ ದನಿ. ಅದರ ಜೊತೆಗೆ ಟ್ರೂಡೊ ಅವರದು ಅಲ್ಪಮತದ ಸರ್ಕಾರವಾಗಿತ್ತು. 2022ರ ಮಾರ್ಚ್‌ನಿಂದ 2024ರ ಸೆಪ್ಟೆಂಬರ್‌ವರೆಗೆ ಅದು ಒಪ್ಪಂದದ ಮೇಲೆ ನೆಚ್ಚಿಕೊಂಡಿದ್ದು ಜಗ್ಮೀತ್ ಸಿಂಗ್ ನಾಯಕತ್ವದ ಪಕ್ಷವನ್ನು. ವಲಸಿಗರ ಪ್ರಭಾವ ಕೆಲಸ ಮಾಡುವುದು ಇಂಥ ಬಿಗಿ ಗಂಟುಗಳಲ್ಲಿ. ಚದುರಿ ಬದುಕುವ ಕನ್ನಡಿಗರ ಬಳಿ ಯುಗಾದಿ, ರಾಜ್ಯೋತ್ಸವದ ಸಂಘಗಳಿವೆ; ಒಂದು ಪಕ್ಷವನ್ನು ಮಣಿಸುವ ಮತಗಳ ಗುಂಪಿಲ್ಲ.

2024ರ ಆಗಸ್ಟ್‌ನಲ್ಲಿ ಆರ್ಯ ದೆಹಲಿಗೆ ಬಂದು ಪ್ರಧಾನಿ ಮೋದಿಯವರನ್ನು ಭೇಟಿಯಾದರು. ನನ್ನ ದೃಷ್ಟಿಯಲ್ಲಿ ಅದು ತಪ್ಪು ನಡೆ. ಎರಡು ಸರ್ಕಾರಗಳು ಮುಖ ತಿರುಗಿಸಿಕೊಂಡಿದ್ದ ಹೊತ್ತಿನಲ್ಲಿ, ಕೆನಡಾದ ಹಿಂದೂಗಳ ಪರವಾಗಿ ಗಳಿಸಿದ್ದ ನಂಬಿಕೆಯನ್ನು ಆ ಒಂದು ಭೇಟಿ ಅನುಮಾನಕ್ಕೆ ಒಡ್ಡಿತು. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವದ ಸ್ಪರ್ಧೆಗೆ ಇಳಿಯಲು ಅವರಿಗೆ ಅವಕಾಶ ಸಿಗಲಿಲ್ಲ. ಮಾರ್ಚ್‌ನಲ್ಲಿ ನೆಪಿಯನ್ ಟಿಕೆಟ್ಟೂ ಹೋಯಿತು. ಅಲ್ಲಿಂದ ನಿಂತು ಗೆದ್ದವರು ಪ್ರಧಾನಿ ಮಾರ್ಕ್ ಕಾರ್ನಿ. ಭಾರತ ಸರ್ಕಾರದೊಂದಿಗಿನ ನಂಟೇ ಕಾರಣವೆಂದು ಅಲ್ಲಿಯ ಪತ್ರಿಕೆಯೊಂದು ವರದಿ ಮಾಡಿತು. ಸಂಸದನಾಗಿ ನಾಯಕರನ್ನು ಭೇಟಿಯಾಗಲು ಸರ್ಕಾರದ ಅನುಮತಿ ಬೇಕಿಲ್ಲ ಎಂಬುದು ಆರ್ಯರ ಉತ್ತರ. ಅದು ನ್ಯಾಯದ ಉತ್ತರವೇ. ಆದರೆ ರಾಜಕೀಯದಲ್ಲಿ ಅದು ಅವರನ್ನು ಉಳಿಸಲಿಲ್ಲ.

ಇದೇ ಜಿಲ್ಲೆಯಿಂದ ವಿದೇಶಾಂಗ ನೀತಿಗೆ ಇನ್ನೊಂದು ದಾರಿಯಿದೆ. ಅದನ್ನು ನಾವು ಆ ಹೆಸರಿನಿಂದ ಕರೆಯುವುದೇ ಇಲ್ಲ. ಹದಿನಾರು ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗ, ತನ್ನ ಹಾಲಿನ ಬಹುಪಾಲನ್ನು ಹೊರದೇಶಗಳಿಗೆ ಮಾರುವ ನ್ಯೂಜಿಲೆಂಡ್ ಆ ಗುಂಪಿನಲ್ಲಿತ್ತು. ಗುಬ್ಬಿ, ಕುಣಿಗಲ್ ಊರುಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗಳಿಗೆ, ಆ ಸರಕು ಇಲ್ಲಿಗೆ ಬಂದರೆ ನೇರ ಪೆಟ್ಟು. ಅಮುಲ್‌ನಿಂದ ಹಿಡಿದು ದೇಶದ ಹಾಲಿನ ಸಹಕಾರಿಗಳು, ರೈತ ಸಂಘಗಳು ಒಟ್ಟಾಗಿ ಬೇಡವೆಂದವು. 2019ರ ಅಕ್ಟೋಬರ್‌ನಲ್ಲಿ ಬೀದಿಗಿಳಿದವು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಒಪ್ಪಂದದಿಂದ ಹಿಂದೆ ಸರಿಯಿತು. ಚೀನಾದ ಸರಕಿನ ಭಯ, ಉಕ್ಕು ಮತ್ತು ಜವಳಿ ಉದ್ಯಮದ ಒತ್ತಡವೂ ಅದರಲ್ಲಿದ್ದವು. ಆದರೂ 2022ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಜೊತೆ ಒಪ್ಪಂದವಾದಾಗ ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟರು. ಸಹಕಾರಿಗಳ ಮಾತು ಗಟ್ಟಿಯಾಗಿ ನಿಂತದ್ದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಆ ಸಹಕಾರಿಗಳ ನಿರ್ದೇಶಕರನ್ನು ಆರಿಸುವುದೂ, ತಪ್ಪಿದರೆ ಇಳಿಸುವುದೂ ಸದಸ್ಯರೇ. ಹೊರದೇಶದ ಯಾವ ಲಾಬಿಗೂ ಇಂಥ ಬೇರಿಲ್ಲ.

ಅಡಿಕೆಯಲ್ಲಿ ಮಾತ್ರ ಇದೇ ಬಲ ಅರ್ಧಕ್ಕೆ ನಿಂತಿತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ತರಲು ಒಪ್ಪಿತು. ಬೆಳೆಗಾರರು ಸಿಟ್ಟಾದರು, ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ವಿರೋಧಿಸಿತು. ಒಣಗಿಸಿದರೆ ಹಸಿ ಅಡಿಕೆಯ ತೂಕ ಬಹಳ ಇಳಿಯುವುದರಿಂದ ದೇಶದ ಫಸಲಿನ ಮುಂದೆ ಅದು ಸಣ್ಣ ಪಾಲು. ಬೇರೆ ದೇಶಗಳ ಅಡಿಕೆ ಆ ಬಾಗಿಲಿನಿಂದ ನುಸುಳೀತು ಎಂಬ ಭಯವೇ ದೊಡ್ಡದು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿ ಸರ್ಕಾರ ಸಮಾಧಾನ ಹೇಳಿತು, ಭೂತಾನದ ಪಾಲನ್ನು ಮುಟ್ಟಲಿಲ್ಲ. ಭೂತಾನದ ಗಡಿಯ ಡೋಕ್ಲಾಮಿನಲ್ಲಿ ಚೀನಾದೊಂದಿಗೆ ನಡೆದ ಮುಖಾಮುಖಿಯ ನಂತರ ಆ ನೆರೆಯ ದೇಶದ ಸ್ನೇಹ ದೆಹಲಿಗೆ ಎಷ್ಟು ಮುಖ್ಯ ಎಂಬುದು ಇದರಲ್ಲಿ ಕಾಣುತ್ತದೆ. ಆ ಸ್ನೇಹ ಬೇಕು. ಆದರೆ ಅದಕ್ಕೆ ಬೆಲೆ ತೆರಬೇಕಾದದ್ದು ಇಡೀ ದೇಶದ ಖಜಾನೆ. ಗುಬ್ಬಿಯ ಅಡಿಕೆ ಬೆಳೆಗಾರರು ಮುಂದೆ ದೆಹಲಿಗೆ ಹೋಗುವಾಗ ಬಾಗಿಲು ಮುಚ್ಚಿ ಎಂದು ಕೇಳುವ ಬದಲು, ಆಮದಿನಿಂದ ದರ ಬಿದ್ದ ವರ್ಷ ನಷ್ಟ ತುಂಬಿಕೊಡಿ ಎಂಬ ಬೇಡಿಕೆಯನ್ನು ಬರೆದು ಒಯ್ಯಲಿ.