ಹೂರಣ ಹೊರಗೆ, ಕಣಕ ಒಳಗೆ

ಹೋಳಿಗೆ ತಿಂದು ಬೆಳೆದವರಿಗೆ ಜಪಾನಿನ ಇಸೆ ಊರಿನ ಅಕಾಫುಕು ತಲೆಕೆಳಗಾದ ತಿಂಡಿ. ಹೂರಣ ಹೊರಗಿದೆ, ಕಣಕ ಒಳಗೆ ಸೇರಿಕೊಂಡಿದೆ. ಅಂಟಕ್ಕಿಯಿಂದ ಮಾಡಿದ ಪುಟ್ಟ ಮೋಚಿ; ಅದರ ಮೇಲೆ ಅಜುಕಿ ಎಂಬ ಕೆಂಪು ಕಾಳಿನ ಹೂರಣ. ಕಾಳು ಬೇಯಿಸಿ, ಸಿಪ್ಪೆ ಉಳಿಯದಂತೆ ಸೋಸಿ, ಸಕ್ಕರೆ ಹಾಕಿ ಕಾಯಿಸಿದ್ದು. ಏಲಕ್ಕಿಯಿಲ್ಲ, ತುಪ್ಪವಿಲ್ಲ. ಮೊದಲ ತುತ್ತಿಗೆ ಏನೋ ಕಮ್ಮಿಯೆನಿಸಿತು. ಮೂರನೆಯದು ಮುಗಿಯುವ ಹೊತ್ತಿಗೆ ಏಲಕ್ಕಿಯ ನೆನಪೇ ಇರಲಿಲ್ಲ.

ಹೂರಣದ ಮೈಮೇಲೆ ಬೆರಳಲ್ಲಿ ಒತ್ತಿದ ಮೂರು ಗೀರುಗಳಿರುತ್ತವೆ. ಇಸೆಯ ಮಹಾ ದೇಗುಲದ ಮಗ್ಗುಲಲ್ಲಿ ಹರಿಯುವ ಇಸುಜು ಹೊಳೆಯ ನೀರು ಅದು; ಅಡಿಯ ಬಿಳಿ ಮೋಚಿ ಹೊಳೆ ತಳದ ಬೆಣಚುಕಲ್ಲು. ಅಂಗಡಿಯೂ ಹೊಳೆ ದಂಡೆಯಲ್ಲೇ ಇದೆ. 1707ರಲ್ಲಿ ಶುರುವಾದ ವ್ಯಾಪಾರ; ಈಗಿನ ಮರದ ಕಟ್ಟಡ 1877ರದ್ದು. ಬೆಳಗಿನ ಐದಕ್ಕೇ ಬಾಗಿಲು ತೆಗೆಯುತ್ತಾರೆ. ಕೆಂಪು ಬಳಿದ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ. ಚಾಪೆಯ ಮೇಲೆ ಕೂತರೆ ತಟ್ಟೆಗೆ ಮೂರು ಅಕಾಫುಕು, ಜೊತೆಗೆ ಬಿಸಿ ಚಹಾ. ಹಾಲು ಸಕ್ಕರೆ ಕೇಳಬೇಡಿ. ಆ ಒಗರೇ ಸಿಹಿಯನ್ನು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧಮಾಡುವುದು.

ಹಿಂದೆ ಹೂರಣಕ್ಕೆ ಬೀಳುತ್ತಿದ್ದುದು ಕರಿ ಸಕ್ಕರೆ, ನಮ್ಮ ಬೆಲ್ಲದ ಹತ್ತಿರದ ನೆಂಟ. 1911ರಲ್ಲಿ ಮೇಜಿ ಚಕ್ರವರ್ತಿಯ ರಾಣಿ ಇಸೆಗೆ ಬಂದಾಗ ಅವರಿಗೆಂದು ಬಿಳಿ ಸಕ್ಕರೆಯಲ್ಲಿ ಮಾಡಿದರು. ಆಮೇಲೆ ಎಲ್ಲರಿಗೂ ಅದೇ ಆಯಿತು. ಬೆಲ್ಲದ ಪಕ್ಷದವನಾದ ನನಗೆ ಈ ಬಗ್ಗೆ ರಾಣಿಯವರ ಮೇಲೆ ಸಣ್ಣದೊಂದು ಮುನಿಸಿದೆ.

ಪ್ರತಿ ತಿಂಗಳ ಒಂದನೇ ತಾರೀಖು, ಜನವರಿ ಬಿಟ್ಟು, ಆ ತಿಂಗಳದ್ದೇ ಆದ ಬೇರೊಂದು ಮೋಚಿ ಮಾರುತ್ತಾರೆ. ಅದಕ್ಕೆ ನಸುಕಿನಲ್ಲೇ ಸಾಲು. ಬೇಸಿಗೆಯಲ್ಲಿ ಹಸಿರು ಚಹಾದ ಪಾಕ ಸುರಿದ ಐಸ್ ಹುಡಿಯೊಳಗೆ ಹೂರಣ, ಮೋಚಿ ಹುದುಗಿಸಿ ಕೊಡುವುದೂ ಉಂಟು.

ಡಬ್ಬಿಯಲ್ಲಿ ಕಟ್ಟಿಸಿಕೊಂಡರೆ ಆಯುಸ್ಸು ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು. ಹಿಡಿಯುವುದು ಮಟ್ಟಸವಾಗಿ, ತುಂಬಿದ ಸಾರಿನ ಪಾತ್ರೆ ಹಿಡಿದ ಹಾಗೆ. ನಾನು ಡಬ್ಬಿಯನ್ನು ಚೀಲದಲ್ಲಿ ನಿಲ್ಲಿಸಿಕೊಂಡು ರೈಲು ಹತ್ತಿದೆ. ಇಳಿದು ತೆಗೆದರೆ ಎಲ್ಲ ಒಂದು ಮೂಲೆಗೆ ಜಾರಿ, ಹೊಳೆಯ ಗೀರುಗಳು ಕಲಸಿಹೋಗಿದ್ದವು. ಸಾಲದ್ದಕ್ಕೆ ಕೆಡದಿರಲೆಂದು ರಾತ್ರಿ ಫ್ರಿಜ್ಜಿಗೆ ಸೇರಿಸಿದೆ. ತಣ್ಣಗಾದರೆ ಅಂಟಕ್ಕಿಯ ಪಿಷ್ಟ ಬಿಗಿಯುತ್ತದೆ ಎಂದು ಗೊತ್ತಿದ್ದೂ ಮಾಡಿದ ಕೆಲಸ. ಬೆಳಿಗ್ಗೆ ಮೋಚಿ ನಿಜಕ್ಕೂ ಹೊಳೆಗಲ್ಲಾಗಿತ್ತು. ಮೇಲಿನ ಹೂರಣವನ್ನಷ್ಟೇ ಬೆರಳಲ್ಲಿ ಬಳಿದು ತಿಂದೆ.