ಚಿತ್ರಕ್ಕೆ ಸಿಗದ ಮಾತು

ಅಮರ ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳ ಕ್ರಮಸಂಖ್ಯೆ ಶುರುವಾಗುವುದು 11ರಿಂದ. ಆ ಹನ್ನೊಂದನೆಯದು ‘ಕೃಷ್ಣ’. ಮೊದಲ ಹತ್ತು ಎಲ್ಲಿ ಹೋದವು ಎಂದು ಹುಡುಕಿದರೆ ಅವು ಕನ್ನಡದಲ್ಲಿ ಸಿಗುತ್ತವೆ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ 1965ರಲ್ಲಿ ಹೊರಬಂದವು ಅವು. ಕೃಷ್ಣ, ಹನುಮಂತ ಎಲ್ಲ ಆಮೇಲಿನವರು. ಮೊದಲ ಹತ್ತರಲ್ಲಿ ಇದ್ದವಳು ಸಿಂಡ್ರೆಲಾ, ಮತ್ತು ಅವಳ ನೆಂಟರಿಷ್ಟರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ನಮ್ಮ ಪುರಾಣಗಳನ್ನು ಚೌಕಟ್ಟಿಗೆ ಇಳಿಸಿದ್ದು ಮುಂಬಯಿಯಲ್ಲಿ ಕೂತು, ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಅವು ಅನುವಾದವಾಗಿ ಮರಳಿದವು.

ಕನ್ನಡದ ಚಿತ್ರಕಥೆಗೆಲ್ಲ ಈ ಹತ್ತು ಪುಸ್ತಕಗಳು ಜಾತಕ ಬರೆದಿಟ್ಟಂತೆ ಕಾಣುತ್ತವೆ. ಮದರಾಸಿನಿಂದ ಚಂದಮಾಮ ಬಂತು, ಮುಂಬಯಿಯಿಂದ ಅಮರ ಚಿತ್ರಕಥೆ ಬಂತು, ಕೇರಳದ ಮಂಗಳಂ ಬಳಗದಿಂದ ಬಾಲಮಂಗಳ ಬಂತು. ಅದರೊಳಗಿನ ಇಲಿ ವೀರ ಡಿಂಗ ಮಲಯಾಳದಲ್ಲಿ ಡಿಂಕನ್ ಆಗಿದ್ದವನು. ಹೊರಗಿನಿಂದ ಬಂದದ್ದಕ್ಕೆ ನನ್ನ ತಕರಾರಿಲ್ಲ, ಗಡಿಯಲ್ಲಿ ಬದುಕುವವರು ಅಂಥ ತಕರಾರು ಮಾಡಿದರೆ ಊಟಕ್ಕೂ ತೊಂದರೆ. ತಕರಾರು ಇರುವುದು ಬಂದ ಮೇಲೆ ನಾವು ಅದಕ್ಕೆ ಯಾವ ಮಾತು ಕೊಟ್ಟೆವು ಎಂಬುದರಲ್ಲಿ.

ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆಯ ಜನಜಂಗುಳಿ ಕರಗಿದ ಮೇಲೆ ಆದವಾನಿ ಸೀಮೆಯ ನಮ್ಮ ಕಡೆ ಒಂದಿಷ್ಟು ಬಿಡುವು. ಈ ಸಲ ಆ ಬಿಡುವಿನಲ್ಲಿ ಬರೀ ಖುಷಿಗೆಂದು ಓದಿದ್ದು ಹಳೆಯ ಚಂದಮಾಮಗಳನ್ನು, ಕೆಲವು ಅಮರ ಚಿತ್ರಕಥೆಗಳನ್ನು, ಬೀchiಯವರ ನಾಲ್ಕಾರು ಪುಸ್ತಕಗಳನ್ನು, ತೇಜಸ್ವಿಯವರ ಕಾಡಿನ ಕಥೆಗಳನ್ನು, ಮಧ್ಯೆ ತೆಲುಗಿನ ‘ಬುಡುಗು’ವನ್ನು. ಒಟ್ಟಿಗೆ ಓದಿದ್ದರಿಂದಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕನ್ನಡದಲ್ಲಿ ಚಿತ್ರ ಇರುವ ಪುಸ್ತಕದಲ್ಲಿ ಯಾರೂ ನಮ್ಮಂತೆ ಮಾತಾಡುವುದಿಲ್ಲ. ಜನ ಮಾತಾಡುವ ಪುಸ್ತಕಗಳಿಗೆ ಕಥೆ ಹೇಳುವ ಚಿತ್ರಗಳಿಲ್ಲ.

ಚಂದಮಾಮದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ನಮ್ಮ ಸೀಮೆಗೆ ಎರಡು ಸಲ ಬಂದ ಪತ್ರಿಕೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಏಳು ಮೈಸೂರಿಗೆ. ಆದವಾನಿ ತಾಲೂಕಿನ ಉರುಕುಂದ, ಕೌತಾಳಂ, ಕೋಸಿಗಿ, ಮಂತ್ರಾಲಯ ಎಲ್ಲ ಕರ್ನೂಲು ಜಿಲ್ಲೆಯ ಲೆಕ್ಕಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಹತ್ತಿ ಮಾರುಕಟ್ಟೆಯಲ್ಲಿ ತೆಲುಗು, ಆದವಾನಿಯ ಅಂಗಡಿ ಬೀದಿಯಲ್ಲಿ ಉರ್ದು. ಇಂಥ ಕಡೆ ಒಂದೇ ತಿಂಗಳ ಚಂದಮಾಮ ಒಂದು ಮನೆಗೆ ಕನ್ನಡದ್ದು ಬಂದರೆ ಪಕ್ಕದ ಮನೆಗೆ ತೆಲುಗಿನದು. ಎರಡರಲ್ಲೂ ಅದೇ ಬೇತಾಳ, ವಿಕ್ರಮನ ಹೆಗಲ ಮೇಲೆ ಅದೇ ಹೆಣ. ಅಕ್ಷರ ಬಾರದಿದ್ದರೂ ಚಿತ್ರ ನೋಡಿ ಕಥೆ ತಿಳಿಯಬಹುದು, ಕಥೆ ಗೊತ್ತಿದ್ದರೆ ಅಕ್ಷರ ಊಹಿಸಬಹುದು. ಎರಡೂ ಲಿಪಿ ಓದಬಲ್ಲ ಎಷ್ಟೋ ಗಡಿನಾಡಿಗರಿಗೆ ಎರಡನೆಯ ಲಿಪಿ ಕಲಿಸಿದ ಮೇಷ್ಟರು ಈ ಬೇತಾಳನೇ.

1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ಪತ್ರಿಕೆ ಹೆಚ್ಚು ತಡಮಾಡದೆ ಕನ್ನಡಕ್ಕೂ ಬಂತು. ಕಟ್ಟಿದವರು ಬಿ. ನಾಗಿರೆಡ್ಡಿ, ಚಕ್ರಪಾಣಿ. ಬಹುಕಾಲ ನಡೆಸಿದವರು ಕೊಡವಟಿಗಂಟಿ ಕುಟುಂಬರಾವ್. ಈ ಕುಟುಂಬರಾವ್ ಮಹಾ ವಿಚಾರವಾದಿ, ಎಡಪಂಥದ ಕಡೆ ಒಲವಿದ್ದವರು. ಅಂಥವರು 1980ರಲ್ಲಿ ತೀರಿಕೊಳ್ಳುವವರೆಗೂ ದೆವ್ವ, ಯಕ್ಷ, ಮಾಂತ್ರಿಕರ ಕಥೆಗಳನ್ನು ತಿದ್ದುತ್ತ ಕೂತಿದ್ದರು ಎಂಬುದು ಮೇಲ್ನೋಟಕ್ಕೆ ತಮಾಷೆ. ಈಗ ಓದಿದರೆ ಅವರ ಕೈ ಎಲ್ಲಿದೆ ಎಂದು ಗೊತ್ತಾಗುತ್ತದೆ. ಚಂದಮಾಮದ ದೆವ್ವ ಹೆದರಿಸುವುದಕ್ಕಿಂತ ಹೆಚ್ಚಾಗಿ ಬುದ್ಧಿವಂತಿಕೆಯನ್ನು ಪರೀಕ್ಷೆ ಮಾಡುತ್ತದೆ. ಬೇತಾಳ ಕಥೆ ಮುಗಿಸಿ ಪ್ರಶ್ನೆ ಕೇಳುತ್ತದೆ, ಉತ್ತರ ಓದುವ ಮೊದಲು ನಾವೂ ಒಂದು ಉತ್ತರ ಇಟ್ಟುಕೊಳ್ಳುತ್ತೇವೆ. ವಿಕ್ರಮನ ತೀರ್ಪು ಎಷ್ಟೋ ಸಲ ನ್ಯಾಯವಾದಿಯದು, ಕೆಲವು ಸಲ ಶುದ್ಧ ಅನ್ಯಾಯ. ಒಪ್ಪದೆ ಜಗಳ ಆಡುವುದಕ್ಕೂ ಅಲ್ಲಿ ಜಾಗ ಉಂಟು. ಮಕ್ಕಳ ಪತ್ರಿಕೆಯೊಂದು ಓದುಗನನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ದೊಡ್ಡ ಮಾತು.

ಚಿತ್ರಗಳ ಬಗ್ಗೆ ಹೇಳುವುದಾದರೆ, ಅಲ್ಲಿ ನಮ್ಮವರೂ ಇದ್ದರು. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಕನ್ನಡದವರು. ಅವರ ಭೀಷ್ಮನೂ ಕರ್ಣನೂ ಎಷ್ಟೋ ಮನೆಗಳಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆ ಏರಿದರು. ಬೇತಾಳನ ಚಿತ್ರಕಾರ ಶಂಕರ್ ಕೊನೆಯವರೆಗೂ ಅದೇ ಮರ, ಅದೇ ಶ್ಮಶಾನವನ್ನು ಬೇಸರವಿಲ್ಲದೆ ಬರೆದರು. ಧಾರಾವಾಹಿಗಳನ್ನು ಬರೆದ ದಾಸರಿ ಸುಬ್ರಹ್ಮಣ್ಯಂ ಅವರ ಹೆಸರು ಮಾತ್ರ ಕಥೆಯ ಕೆಳಗೆ ಕಾಣಿಸಲೇ ಇಲ್ಲ. ಕನ್ನಡಕ್ಕೆ ತಂದವರ ಹೆಸರಿನ ಮಾತು ದೂರವೇ ಉಳಿಯಿತು.

ಇಷ್ಟು ಹೊಗಳಿದ ಮೇಲೆ ಹೇಳಬೇಕಾದ್ದು ಇದು: ಚಂದಮಾಮದ ಊರು ಯಾವ ಊರೂ ಅಲ್ಲ. ನಾಗಿರೆಡ್ಡಿಯವರು ಕಡಪ ಜಿಲ್ಲೆಯವರು, ರಾಯಲಸೀಮೆಯ ಬರ ಕಂಡವರು. ಅವರ ಪತ್ರಿಕೆಯಲ್ಲಿ ಮಾತ್ರ ಹೆಚ್ಚಾಗಿ ಕಾಣುವುದು ತೆಂಗು, ತುಂಬಿದ ಕೆರೆ, ಹೆಂಚಿನ ಮನೆ, ಮಾವಿನ ತೋಪು. ಎರೆಭೂಮಿ, ಹತ್ತಿ, ಜೋಳ, ಬಿಸಿಲಿಗೆ ಬಾಯಿ ಬಿಟ್ಟ ನೆಲ ಎಷ್ಟು ತಿರುವಿದರೂ ಸಿಗಲಿಲ್ಲ. ಹನ್ನೆರಡು ಭಾಷೆಗೂ ಹೊಂದಬೇಕಾದ ಚಿತ್ರ ಯಾವ ನೆಲವನ್ನೂ ಹಿಡಿಯಲಾರದು, ಅದು ಆ ಕಾರ್ಖಾನೆಯ ಕಷ್ಟ. ಆದರೆ ಕನ್ನಡ ಪಠ್ಯಕ್ಕೆ ಆ ಕಷ್ಟ ಇರಲಿಲ್ಲ. ಅನುವಾದಕರು ಬಯಸಿದ್ದರೆ ರೈತನಿಗೆ ರೈತನ ಮಾತು ಕೊಡಬಹುದಿತ್ತು. ಕೊಟ್ಟದ್ದು ಪಂಡಿತರು ತೊಳೆದು ಇಸ್ತ್ರಿ ಮಾಡಿದ ಒಂದು ಕನ್ನಡ. ಅದರಲ್ಲಿ ಕಳ್ಳನೂ ರಾಜನೂ ಶಾನುಭೋಗನ ಹೆಂಡತಿಯೂ ಒಂದೇ ವ್ಯಾಕರಣದಲ್ಲಿ ಮಾತಾಡುತ್ತಾರೆ.

ಅಮರ ಚಿತ್ರಕಥೆಯಲ್ಲಿ ಈ ದೋಷ ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಅಲ್ಲಿ ಮಾತು ಪಾತ್ರದ ಬಾಯಿಂದಲೇ ಗುಳ್ಳೆಯಾಗಿ ಹೊರಡುತ್ತದೆ. ದೇವರು ಬೆಳ್ಳಗೆ ಇಲ್ಲವೆ ನೀಲಿ, ರಾಕ್ಷಸರು ಕಪ್ಪಗೆ, ಹೆಂಗಸರು ಒಂದೇ ಅಚ್ಚಿನವರು ಎಂಬ ಟೀಕೆ ಹಳೆಯದು, ನ್ಯಾಯವಾದದ್ದು, ಮತ್ತೆ ಬೆಳೆಸುವುದಿಲ್ಲ. ನನಗೆ ಹೊಸದಾಗಿ ಚುಚ್ಚಿದ್ದು ತೆನಾಲಿ ರಾಮ. ನಮ್ಮ ಕಡೆ ಅವನ ಕಥೆ ಹೇಳುವವರು ಅವನನ್ನು ಪಕ್ಕದ ಓಣಿಯ ಹುಡುಗನ ಹಾಗೆ ಮಾತಾಡಿಸುತ್ತಾರೆ. “ಏನ್ ಮಾಡಾಕತ್ತೀಯಲೇ” ಎಂದು ರಾಯರು ಕೇಳುತ್ತಾರೆ, ಅವನೂ ಅದೇ ಧಾಟಿಯಲ್ಲಿ ತಿರುಗಿ ಕೊಡುತ್ತಾನೆ. ಗುಳ್ಳೆಯೊಳಕ್ಕೆ ಹೋದ ರಾಮಕೃಷ್ಣ ‘ಪ್ರಭು, ಅಪ್ಪಣೆಯಾಗಲಿ’ ಎನ್ನತೊಡಗಿದರೆ ಅರ್ಧ ಹಾಸ್ಯ ಅಲ್ಲೇ ಸತ್ತಿತು. ಹಂಪಿ ನಮಗೆ ಒಂದು ಹಗಲಿನ ಪಯಣ. ಅಲ್ಲಿಯ ವಿದೂಷಕ ಮುಂಬಯಿಗೆ ಹೋಗಿ ಬಂದದ್ದರಲ್ಲಿ ಮಾತೇ ಮರೆತಂತಿದೆ.

ರಾಷ್ಟ್ರೋತ್ಥಾನದವರ ‘ಭಾರತ ಭಾರತಿ’ಯ ಪುಟ್ಟ ಜೀವನಕಥೆಗಳನ್ನೂ ಇಲ್ಲಿ ನೆನೆಯಬೇಕು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಸ್ತಕ, ಅಂಗೈಯಗಲ, ಅಗ್ಗದ ಬೆಲೆ. ದೊಡ್ಡ ಸಾಧನೆ. ಖುಷಿಗೆ ಓದುವುದಕ್ಕೆ ಮಾತ್ರ ನನಗೆ ಅವು ಒಗ್ಗುವುದಿಲ್ಲ. ಅಲ್ಲಿಯ ಮಹಾಪುರುಷರು ಬಾಲ್ಯದಲ್ಲೂ ತಪ್ಪು ಮಾಡುವುದಿಲ್ಲ.

ಇನ್ನು ಮಾತು ಇರುವ ಕಡೆಗೆ ಬರೋಣ. ಬೀchi, ಅಂದರೆ ರಾಯಸಂ ಭೀಮಸೇನರಾವ್, 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಆಗ ಹರಪನಹಳ್ಳಿಯೂ ಆದವಾನಿಯೂ ಒಂದೇ ಬಳ್ಳಾರಿ ಜಿಲ್ಲೆ, ಒಂದೇ ಮದರಾಸು ಸರಕಾರ. ಪೊಲೀಸ್ ಇಲಾಖೆಯಲ್ಲಿ ನೌಕರಿ. ಕನ್ನಡವೆಂದರೆ ಮೂಗು ಮುರಿಯುತ್ತಿದ್ದವರು ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ತಿರುಗಿದರು ಎಂಬುದು ಪ್ರಸಿದ್ಧ. ಒಂದು ಭಾಷೆಯ ಲೇಖಕ ಖುಷಿಯ ಓದಿನಿಂದ ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅವರ ನಗೆಯ ಪಾತ್ರ ತಿಂಮ ಬಳ್ಳಾರಿ ಸೀಮೆಯವನು. ಅವನ ದಡ್ಡತನದಲ್ಲಿ ಒಂದು ಬಿಸಿಲಿನ ಒರಟಿದೆ. ಸರಕಾರಿ ಕಚೇರಿ, ಮಠ, ಮದುವೆ, ದೇಶಭಕ್ತಿ ಯಾವುದಕ್ಕೂ ಅವನು ನಡು ಬಗ್ಗಿಸುವುದಿಲ್ಲ. ‘ಸರಸ್ವತಿ ಸಂಹಾರ’ದಂಥ ಕಾದಂಬರಿಯಲ್ಲಿ ನಗು ಇದ್ದಕ್ಕಿದ್ದಂತೆ ಹುಳಿಯಾಗುತ್ತದೆ, ಅದು ಬೇಕೆಂದೇ ಮಾಡಿದ ಹುಳಿ.

ಬೀchiಯವರಲ್ಲಿ ಹಳಸಿದ್ದೂ ಬೇಕಾದಷ್ಟಿದೆ. ಹೆಂಡತಿಯ ಮೇಲಿನ ನಗೆಹನಿಗಳನ್ನು ಈಗ ಮನೆಯಲ್ಲಿ ಗಟ್ಟಿಯಾಗಿ ಓದುವ ಹಾಗಿಲ್ಲ, ಓದಲೂ ಬಾರದು. ಪದ ಒಡೆದು ಅರ್ಥ ತೆಗೆಯುವ ಚಟ ಪುಟಕ್ಕೆ ಒಂದಾದರೆ ಸರಿ, ಸಾಲಿಗೆ ಒಂದಾದಾಗ ಸುಸ್ತಾಗುತ್ತದೆ. ‘ಸುಧಾ’ದಲ್ಲಿ ಓದುಗರಿಗೆ ಅವರು ಕೊಡುತ್ತಿದ್ದ ಉತ್ತರಗಳು ಮಾತ್ರ ಈಗಲೂ ಹರಿತ. ಕೇಳಿದವನ ಪೆದ್ದು ಪ್ರಶ್ನೆಯೇ ಅವರಿಗೆ ಅರ್ಧ ಹಾಸ್ಯ ತಂದು ಕೊಡುತ್ತಿತ್ತು. ವಿಮರ್ಶಕರು ಅವರನ್ನು ‘ಜನಪ್ರಿಯ’ ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ, ತೆಲುಗಿನಿಂದ ಬಂದು ಕನ್ನಡದಲ್ಲೂ ನಿದ್ದೆಗೆಡಿಸಿದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವೂ ಅದೇ ಕಪಾಟಿನಲ್ಲಿವೆ. ‘ತುಳಸಿದಳ’ವನ್ನು ಮತ್ತೆ ಓದಿದೆ. ಮಾಟಮಂತ್ರದ ಭಾಗ ಈಗ ನಗು ತರಿಸುತ್ತದೆ, ಆಸ್ಪತ್ರೆಯ ಭಾಗ ಇನ್ನೂ ಉಸಿರು ಹಿಡಿಸುತ್ತದೆ.

ತೇಜಸ್ವಿ ಈ ಕಪಾಟಿನ ಬೀಗ ಒಡೆದವರು. ‘ಕರ್ವಾಲೊ’ ಬರೆದ ಕೈಯೇ ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗದಲ್ಲಿ ಕೊಟ್ಟಿತು. ಅದರಲ್ಲೊಂದು ‘ಪೆದ್ದಚೆರುವಿನ ರಾಕ್ಷಸ’, ಹೆಸರಲ್ಲೇ ತೆಲುಗು ಕೆರೆ. ಅನುವಾದ ಎನ್ನುವುದಕ್ಕಿಂತ ಹಳ್ಳಿಯ ಕಟ್ಟೆಯ ಮೇಲೆ ಕೂತು ಮತ್ತೆ ಹೇಳಿದ್ದು ಎನ್ನಬೇಕು. ಸಾಹೇಬನ ಕಥೆಗೆ ಮಲೆನಾಡಿನ ಗಂಟಲು ಸಿಕ್ಕಿದೆ. ಚಂದಮಾಮದ ಅನುವಾದಕರಿಗೂ ಇದು ಸಾಧ್ಯವಿತ್ತಲ್ಲ ಎಂದು ಇಲ್ಲೇ ಅನ್ನಿಸುವುದು.

ಚಿತ್ರ ಮತ್ತು ಮಾತು ಕೂಡಿದ್ದು ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದರೆ ‘ಕೊರವಂಜಿ’ಗೆ ಅನ್ಯಾಯ. 1942ರಲ್ಲಿ ಹಾಸ್ಯ ಲೇಖಕ ರಾಶಿ ಶುರು ಮಾಡಿದ ಆ ನಗೆಪತ್ರಿಕೆಯಲ್ಲಿ ಎಳೆಯ ಆರ್.ಕೆ. ಲಕ್ಷ್ಮಣ್ ಗೆರೆ ಎಳೆದರು. ಆದರೆ ಅದು ಮೈಸೂರು–ಬೆಂಗಳೂರಿನ ಹಜಾರದ ನಗು, ನಮ್ಮ ಕಡೆಗೆ ಬಂದಾಗ ಅತಿಥಿಯ ಹಾಗೆ ಕಾಲು ಮಡಿಚಿ ಕೂರುತ್ತದೆ. ಅಲ್ಲಿದ್ದವು ಬಿಡಿ ವ್ಯಂಗ್ಯಚಿತ್ರಗಳು, ಕಥೆ ಹೊತ್ತು ನಡೆಯುವ ಚಿತ್ರಗಳಲ್ಲ.

ಪಕ್ಕದ ಮನೆಯಲ್ಲಿ ಇದು ಹೇಗೆ ನಡೆಯಿತು ನೋಡಿ. 1950ರ ದಶಕದಲ್ಲಿ ಮುಳ್ಳಪೂಡಿ ವೆಂಕಟರಮಣ ‘ಬುಡುಗು’ ಬರೆದರು, ಬಾಪು ಚಿತ್ರ ಹಾಕಿದರು. ಶಾಲೆ ಕಂಡರಾಗದ ಒಬ್ಬ ಪೋರ ತನ್ನ ಬಾಯಿಯ ತೆಲುಗಿನಲ್ಲೇ, ಉಚ್ಚಾರ ತಪ್ಪುಗಳ ಸಮೇತ, ಮನೆಮಂದಿಯನ್ನೆಲ್ಲ ಬಯಲಿಗೆಳೆಯುತ್ತಾನೆ. ಅವನ ಮುಖ ಹೇಗಿದೆ ಎಂದು ಓದಿದ ತೆಲುಗರನ್ನು ಕೇಳಿ, ಎಲ್ಲರೂ ಒಂದೇ ಮುಖ ಹೇಳುತ್ತಾರೆ. ನಮ್ಮ ತಿಂಮನಿಗೆ ಹಾಗೆ ಒಂದು ಮುಖ ಕೂಡಿ ಬರಲಿಲ್ಲ. ಬುಡುಗುವಿನದು ಕರಾವಳಿ ತೆಲುಗು ಎಂದು ರಾಯಲಸೀಮೆಯವರು ಸುಮ್ಮನಿರಲಿಲ್ಲ. ಚಿತ್ತೂರು ಕಡೆಯ ನಾಮಿನಿ ತನ್ನ ಊರಿನ ಮಾತಿನಲ್ಲೇ ‘ಮಿಟ್ಟೂರೋಡಿ ಕಥಲು’ ಬರೆದು ಓದುಗರನ್ನು ಗೆದ್ದರು. ಕನ್ನಡದ ಗಡಿಯವರು ಮಾತ್ರ ನಮ್ಮ ಮಾತು ಅಚ್ಚಿಗೆ ಯೋಗ್ಯವಲ್ಲ ಎಂದು ಯಾರೂ ಹೇಳದಿದ್ದರೂ ಒಪ್ಪಿಕೊಂಡು ಕೂತಿದ್ದೇವೆ. ತೆಲುಗು ಬೆರೆತದ್ದು, ಉರ್ದು ಬೆರೆತದ್ದು ಎಂದು ನಾಚಿಕೆ. ಬೀchiಗೆ ಆ ನಾಚಿಕೆ ಇದ್ದಿದ್ದರೆ ತಿಂಮ ಹುಟ್ಟುತ್ತಲೇ ಇರಲಿಲ್ಲ.

ಚಂದಮಾಮ ನಿಂತು ಹತ್ತು ವರ್ಷದ ಮೇಲಾಯಿತು. ಈಗ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಚಿತ್ರ ಇಟ್ಟುಕೊಂಡು ಪಠ್ಯವನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆಯಲು ಅನುಮತಿ ಇದೆ. ಆದವಾನಿಯ ಕನ್ನಡಕ್ಕೆ ಇನ್ನು ಮದರಾಸಿನ ಅಚ್ಚುಮನೆಯೂ ಬೇಡ, ಮುಂಬಯಿಯ ಸಂಪಾದಕರೂ ಬೇಡ. ಇದನ್ನು ಕನ್ನಡ ಶಾಲೆಯ ಮೇಷ್ಟರೊಬ್ಬರಿಗೆ ಹೇಳಿದಾಗ ಅವರು, ಹಾಗಾದರೆ ಹುಡುಗರು ಪರೀಕ್ಷೆಯಲ್ಲೂ ಅದನ್ನೇ ಬರೆದಾರು ಎಂದು ಹೆದರಿದರು. ಬುಡುಗು ಓದಿದ ತೆಲುಗು ಮಕ್ಕಳು ಬುಡುಗುವಿನ ತೆಲುಗು ಬರೆದು ಫೇಲಾದದ್ದನ್ನು ನಾನಂತೂ ಈವರೆಗೆ ಕೇಳಿಲ್ಲ.